ಮನೆಯಲ್ಲಿ ಕಾಯಿಲೆಯವರಿದ್ದರೆ ನಾಯಿ, ಬೆಕ್ಕು ಇಟ್ಟುಕೊಳ್ಳಬಹುದಾ?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ದೆಹಲಿ ಮತ್ತು ಸುತ್ತಮುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಹಾಕಿ, ಮತ್ತೆ ಬೀದಿಗೆ ಬಿಡಬೇಡಿ ಎಂದಿತು. ಹನ್ನೊಂದೇ ದಿನಕ್ಕೆ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ಹುಚ್ಚು ಹಿಡಿದವನ್ನು, ಮೇಲೆ ಬೀಳುವಂಥವನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ವಾಪಸ್ ಅಲ್ಲಿಗೆ ಬಿಡುವ ಹಾಗಿಲ್ಲ. ಅದೇ ವರ್ಷದ ಮಳೆಗಾಲದಲ್ಲಿ ಮುಂಬೈಯ ದಾದರ್‌ನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಹಳೆಯ ಕಬೂತರ್‌ಖಾನಾಕ್ಕೆ ಟಾರ್ಪಾಲು ಹೊದಿಸಿದರು. ಹಿಕ್ಕೆಯಿಂದ ಶ್ವಾಸಕೋಶ ಕೆಡುತ್ತದೆ ಅನ್ನೋದು ಅದಕ್ಕೆ ಕೊಟ್ಟ ಕಾರಣ.

ಇವೆಲ್ಲ ಬೀದಿಯ ಪ್ರಾಣಿಗಳ ಸುದ್ದಿ. ಆದರೆ ಭಯ ಹೊಸ್ತಿಲು ದಾಟಿ ಮನೆಯೊಳಗೂ ಬಂದಿದೆ. ಸೊಸೆ ಬಸುರಿ, ಬೆಕ್ಕನ್ನು ಏನು ಮಾಡೋದು? ಅಪ್ಪನಿಗೆ ಕಿಡ್ನಿ ಕಸಿ ಆಗ್ತಿದೆ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕಾ? ಮಗುವಿಗೆ ದಮ್ಮು, ಪಂಜರದ ಗಿಳಿ ಕಾರಣವಾ? ವಾಟ್ಸ್ಯಾಪ್‌ನಲ್ಲಿ ಒಂದು ದಿನ "ನಾಯಿ ಸಾಕಿದರೆ ಹೃದಯಕ್ಕೆ ಒಳ್ಳೇದು" ಅಂತ ಬರುತ್ತದೆ. ಮರುದಿನ "ಬೆಕ್ಕಿನಿಂದ ಗರ್ಭಪಾತ" ಅಂತ ಬರುತ್ತದೆ. ಎರಡರ ಹಿಂದೆಯೂ ಸಂಶೋಧನೆ ಇದೆ, ಎರಡರಲ್ಲೂ ಒಂದಿಷ್ಟು ನಿಜವಿದೆ. ಗೊಂದಲ ಆಗುತ್ತಿರುವುದು ಅದಕ್ಕೇ.

ಬಹಳಷ್ಟು ಮನೆಗಳಲ್ಲಿ ಪ್ರಾಣಿಯನ್ನು ಕಳಿಸುವ ಅಗತ್ಯವಿಲ್ಲ. ಅದರ ಕೆಲಸಗಳನ್ನು ಯಾರು ಮಾಡುತ್ತಾರೆ ಅನ್ನೋದನ್ನು ಬದಲಿಸಿದರೆ ಅಪಾಯದ ದೊಡ್ಡ ಪಾಲು ಹೋಗುತ್ತದೆ. ಕೆಲವು ಪ್ರಾಣಿಗಳ ವಿಷಯದಲ್ಲಿ ಮಾತ್ರ ಬೇಡ ಅನ್ನಲೇಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾರಿಗೆ ಜಾಸ್ತಿ ಎಚ್ಚರ ಬೇಕು?

ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, 65 ದಾಟಿದವರು, ಮತ್ತೆ ರೋಗನಿರೋಧಕ ಶಕ್ತಿ ಕುಗ್ಗಿದವರು. ಈ ಕೊನೆಯ ಗುಂಪು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು ಅಂತ ನಮಗೆ ತಕ್ಷಣ ಹೊಳೆಯುತ್ತದೆ. ಕೀಲುವಾತಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುವವರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು, ಅಪಘಾತದಲ್ಲಿ ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ಕೂಡ ಇದರಲ್ಲೇ ಬರುತ್ತಾರೆ.

ಇವರೆಲ್ಲರಿಗೂ ಅಪಾಯ ಒಂದೇ ದಾರಿಯಲ್ಲಿ ಬರೋದಿಲ್ಲ. ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಅದರ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಬಸುರಿಗೆ ತನಗಿಂತ ಹೊಟ್ಟೆಯೊಳಗಿನ ಕೂಸಿನ ಚಿಂತೆ. ವಯಸ್ಸಾದವರಿಗೆ ಸೋಂಕಿಗಿಂತ ಬೀಳುವ ಭಯ ಹೆಚ್ಚು. ಕೀಮೋ ರೋಗಿಗೆ, ಬೇರೆಯವರಿಗೆ ಲೆಕ್ಕಕ್ಕೇ ಇಲ್ಲದ ಒಂದು ಗೀರು ಜ್ವರವಾಗಿ ಆಸ್ಪತ್ರೆ ಸೇರಿಸಬಹುದು. ಹಾಗಾಗಿ "ಸಾಕುಪ್ರಾಣಿ ಅಪಾಯ" ಅನ್ನೋದು ಅರ್ಧ ಮಾತು. ಯಾವ ಪ್ರಾಣಿ, ಯಾರಿಗೆ, ಯಾವ ಕೆಲಸ ಮಾಡುವಾಗ ಅಂತ ಕೇಳಿದರೆ ಮಾತು ಪೂರ್ತಿಯಾಗುತ್ತದೆ.

ಲಾಭ ಇದೆಯಾ? ಎಷ್ಟು?

1980ರಲ್ಲಿ ಅಮೆರಿಕದಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟವಾಯಿತು. ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ 92 ಜನರನ್ನು ಒಂದು ವರ್ಷ ಗಮನಿಸಿದ್ದರು. ಮನೆಯಲ್ಲಿ ಪ್ರಾಣಿ ಇದ್ದ 53 ಜನರಲ್ಲಿ ಸತ್ತವರು 3. ಪ್ರಾಣಿ ಇಲ್ಲದ 39 ಜನರಲ್ಲಿ ಸತ್ತವರು 11. ಈ ವಿಷಯದ ಚರ್ಚೆ ದೊಡ್ಡದಾಗಿದ್ದು ಅಲ್ಲಿಂದಲೇ. 2017ರಲ್ಲಿ ಸ್ವೀಡನ್‌ನವರು 40ರಿಂದ 80 ವರ್ಷದ ಸುಮಾರು 34 ಲಕ್ಷ ಜನರ ದಾಖಲೆಗಳನ್ನು ಹನ್ನೆರಡು ವರ್ಷದ ಅವಧಿಗೆ ನೋಡಿದರು. ಒಂಟಿಯಾಗಿ ಬದುಕುವವರಲ್ಲಿ, ನಾಯಿ ಸಾಕಿದವರ ಸಾವಿನ ಅಪಾಯ ಸಾಕದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು.

ಹಾಗಂತ ಔಷಧಿ ತರುವ ಹಾಗೆ ನಾಯಿ ತರಬೇಕಾ? ಇಲ್ಲ. ಈ ಅಂಕಿಗಳಲ್ಲಿ ಒಂದು ತೊಡಕಿದೆ. ಓಡಾಡಲು ಶಕ್ತಿ ಇರುವವರೇ, ಕೈಯಲ್ಲಿ ಒಂದಿಷ್ಟು ಕಾಸಿರುವವರೇ ನಾಯಿ ಸಾಕುತ್ತಾರೆ. ಆರೋಗ್ಯದಿಂದ ನಾಯಿ ಬಂತೋ, ನಾಯಿಯಿಂದ ಆರೋಗ್ಯ ಬಂತೋ ಅಂತ ದಾಖಲೆ ನೋಡಿ ಹೇಳೋದು ಕಷ್ಟ. ಅಮೆರಿಕದ ಹೃದ್ರೋಗ ಸಂಘ 2013ರಲ್ಲಿ ಇದನ್ನೇ ಎಚ್ಚರದಿಂದ ಹೇಳಿತು. ನಾಯಿ ಸಾಕುವುದರಿಂದ ಹೃದಯಕ್ಕೆ ಅನುಕೂಲ ಆಗಿರಬಹುದು, ಆದರೆ ಹೃದಯಕ್ಕೋಸ್ಕರವೇ ಪ್ರಾಣಿ ತಂದುಕೊಳ್ಳಬೇಡಿ ಅಂತ.

ಅಂಕಿಗಳನ್ನು ಬಿಟ್ಟು ಕಾರಣಗಳನ್ನು ನೋಡಿದರೆ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಕ್ಕಳು ದೂರದ ಊರಿನಲ್ಲಿ, ಮನೆಯಲ್ಲಿ ಎಪ್ಪತ್ತರ ಒಬ್ಬ ಅಜ್ಜಿ ಮಾತ್ರ ಅಂದುಕೊಳ್ಳಿ. ತನಗೊಬ್ಬಳಿಗೆ ಏನು ಅಡುಗೆ ಅಂತ ಬೆಳಗಿನ ಬ್ರೆಡ್ಡಿನಲ್ಲೇ ದಿನ ದೂಡುವವರು ಇರುತ್ತಾರೆ. ನಾಯಿ ಇದ್ದರೆ ಹಾಗಾಗಲ್ಲ. ಅದಕ್ಕೆ ಅನ್ನ ಬೇಯಿಸಬೇಕು, ಒಲೆ ಹಚ್ಚಲೇಬೇಕು. ಹಚ್ಚಿದ ಮೇಲೆ ತನಗೂ ಒಂದು ಸಾರಾಗುತ್ತದೆ. ಆರು ಗಂಟೆಗೆ ಅದು ಬಾಗಿಲ ಹತ್ತಿರ ಕೂತು ಕುಂಯ್ ಅನ್ನುತ್ತದೆ, ಇವರು ಎದ್ದು ಹೊರಗೆ ಕಾಲಿಡುತ್ತಾರೆ. ದಾರಿಯಲ್ಲಿ ಇಬ್ಬರು ನಿಂತು ಮಾತಾಡಿಸುತ್ತಾರೆ. ನಡಿಗೆ, ಹೊತ್ತಿಗೆ ಸರಿಯಾದ ಊಟ, ನಾಲ್ಕು ಮಾತು ಮೂರೂ ರಕ್ತದೊತ್ತಡಕ್ಕೂ ಮನಸ್ಸಿಗೂ ಒಳ್ಳೆಯವು ಅನ್ನೋದರಲ್ಲಿ ಅನುಮಾನವಿಲ್ಲ. ಜಪಾನಿನ ವಿಜ್ಞಾನಿಗಳು 2015ರಲ್ಲಿ ಇನ್ನೊಂದನ್ನು ತೋರಿಸಿದರು. ನಾಯಿ ಮತ್ತು ಒಡೆಯ ಒಬ್ಬರ ಕಣ್ಣನ್ನೊಬ್ಬರು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನೂ ಅದೇ.

ಹಾಗಾಗಿ ವೈದ್ಯರು "ಕಳಿಸಿಬಿಡಿ" ಅನ್ನುವಾಗ, ಅಪಾಯದ ಜೊತೆ ಇವೂ ಹೋಗುತ್ತವೆ ಅಂತ ಲೆಕ್ಕ ಹಾಕಬೇಕು.

ಬಸುರಿ ಮತ್ತು ಬೆಕ್ಕು

ಎಷ್ಟೋ ಬೆಕ್ಕುಗಳು ಮನೆ ಬಿಡುವುದು ಬೆಕ್ಕಿನಿಂದ ಗರ್ಭಪಾತ ಆಗುತ್ತದೆ ಅನ್ನುವ ಈ ಒಂದು ಭಯಕ್ಕೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಈ ಭಯದ ಮೂಲ ಟೊಕ್ಸೊಪ್ಲಾಸ್ಮಾ ಅನ್ನುವ ಒಂದು ಪರಾವಲಂಬಿ ಜೀವಿ. ಬೆಕ್ಕಿಗೆ ಇದು ಬರುವುದು ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದಾಗ. ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಅದರ ಮಲದಲ್ಲಿ ಇದರ ಮೊಟ್ಟೆಯಂಥ ಕಣಗಳು ಹೊರಗೆ ಬರುತ್ತವೆ. ಆಮೇಲೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಹೊರಗೆ ಬಂದ ಕಣವೂ ಕೂಡಲೇ ಅಪಾಯಕಾರಿಯಲ್ಲ. ಅದು ಮಾಗಿ ಸೋಂಕು ತರುವಂತಾಗಲು ಒಂದರಿಂದ ಐದು ದಿನ ಬೇಕು.

ಈಗ ಮನೆಯ ಮೂಲೆಯಲ್ಲಿರುವ ಮರಳಿನ ಟ್ರೇಯನ್ನು ನೆನೆಸಿಕೊಳ್ಳಿ. ದಿನಾ ಬೆಳಗ್ಗೆ ತೆಗೆದು ಎಸೆದರೆ ಕಣ ಮಾಗುವ ಮುಂಚೆಯೇ ಮನೆಯಿಂದ ಹೊರಗೆ ಹೋಗಿರುತ್ತದೆ. ಮೂರು ದಿನ ಬಿಟ್ಟು, ಒಣಗಿ ಪುಡಿಯಾದದ್ದನ್ನು ಬರಿಗೈಯಲ್ಲಿ ಕೆದಕಿ, ಕೈ ತೊಳೆಯದೆ ಊಟಕ್ಕೆ ಕೂತರೆ ಅಪಾಯ. ಬೆಕ್ಕು ಅದೇ, ಟ್ರೇ ಅದೇ. ಫಲಿತಾಂಶ ಮಾತ್ರ ಪೂರ್ತಿ ಬೇರೆ. ಬೆಕ್ಕನ್ನು ಮುಟ್ಟಿದ್ದಕ್ಕೆ, ತೊಡೆಯ ಮೇಲೆ ಮಲಗಿಸಿಕೊಂಡಿದ್ದಕ್ಕೆ ಇದು ಸಾಮಾನ್ಯವಾಗಿ ಬರೋದಿಲ್ಲ.

ಹಾಗಾದರೆ ಜನರಿಗೆ ಇದು ಎಲ್ಲಿಂದ ಬರುತ್ತದೆ? ಯುರೋಪಿನ ಆರು ನಗರಗಳ ಬಸುರಿಯರನ್ನು ಕೇಳಿ ಮಾಡಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಅಲ್ಲಿ ಶೇ. 30ರಿಂದ 63ರಷ್ಟು ಸೋಂಕಿಗೆ ಸರಿಯಾಗಿ ಬೇಯಿಸದ ಮಾಂಸ ಕಾರಣ, ಶೇ. 6ರಿಂದ 17ರಷ್ಟಕ್ಕೆ ಮಣ್ಣು ಕಾರಣ ಅಂತ ಕಂಡುಬಂತು. ಬೆಕ್ಕಿನ ಸಂಪರ್ಕ ಕಾರಣವಾಗಿ ಕಾಣಿಸಲಿಲ್ಲ. ನಮ್ಮಲ್ಲಿ ಮಾಂಸವನ್ನು ಚೆನ್ನಾಗಿ ಬೇಯಿಸುತ್ತೇವೆ, ಸರಿ. ಆದರೆ ಹಸಿಯಾಗೇ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ಹತ್ತಿದ ಮಣ್ಣನ್ನು ಯಾರೂ ಅನುಮಾನಿಸುವುದಿಲ್ಲ. ಆ ಹೊಲದಲ್ಲೂ ಬೆಕ್ಕುಗಳು ಓಡಾಡಿರುತ್ತವೆ.

ಇನ್ನೊಂದು ಗೊಂದಲ ಬಸುರಿಯರಿಗೆ ಮಾಡಿಸುವ ಟಾರ್ಚ್ ಅನ್ನುವ ರಕ್ತ ಪರೀಕ್ಷೆಯದು. ಸೋಂಕು ತಗುಲಿದಾಗ ದೇಹ ಮಾಡಿಕೊಳ್ಳುವ ಐಜಿಜಿ, ಐಜಿಎಂ ಅನ್ನುವ ಪ್ರತಿಕಾಯಗಳನ್ನು ಇದರಲ್ಲಿ ನೋಡುತ್ತಾರೆ. ಅದರಲ್ಲಿ "ಐಜಿಜಿ ಪಾಸಿಟಿವ್" ಅಂತ ಬಂದರೆ ಮನೆಯವರು ಗಾಬರಿಯಾಗುತ್ತಾರೆ. ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ, ಸಾಮಾನ್ಯವಾಗಿ ಸೋಂಕು ಹಿಂದೆ ಯಾವಾಗಲೋ ಬಂದು ಹೋಗಿದೆ, ದೇಹ ಅದನ್ನು ಗುರುತಿಟ್ಟುಕೊಂಡಿದೆ ಅಂತ ಅರ್ಥ. ಆರೋಗ್ಯವಂತ ಬಸುರಿಗೆ ಇದು ಒಂದು ರೀತಿಯಲ್ಲಿ ಸಮಾಧಾನದ ಸುದ್ದಿ. ಕೂಸಿಗೆ ಅಪಾಯ ಇರುವುದು ಮುಖ್ಯವಾಗಿ ಬಸುರಿನಲ್ಲೇ ಮೊದಲ ಸಲ ಸೋಂಕು ತಗುಲಿದಾಗ. ಐಜಿಎಂ ಪಾಸಿಟಿವ್ ಬಂದರೂ ತಕ್ಷಣ ತೀರ್ಮಾನಕ್ಕೆ ಬರುವ ಹಾಗಿಲ್ಲ. ಅದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಸೋಂಕು ಹಳೆಯದೋ ಹೊಸದೋ ತಿಳಿಯಲು ಅವಿಡಿಟಿ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ಕೇಳದೆ ಮೊದಲು ಬೆಕ್ಕನ್ನು ಚೀಲಕ್ಕೆ ಹಾಕುವುದು ಅನ್ಯಾಯ. ಬೆಕ್ಕಿಗೂ, ಸುಮ್ನೆ ಹೆದರಿ ಕೂತ ಆ ಹೆಣ್ಣುಮಗಳಿಗೂ.

ಮಾಡಬೇಕಾದ್ದು ಇಷ್ಟು. ಒಂಬತ್ತು ತಿಂಗಳು ಟ್ರೇ ಕೆಲಸ ಗಂಡನದೋ ಮನೆಯ ಬೇರೆಯವರದೋ ಆಗಲಿ, ತಪ್ಪದೆ ದಿನಾ ಆಗಲಿ. ಬೆಕ್ಕಿಗೆ ಹಸಿ ಮಾಂಸ ಬೇಡ, ಬೇಟೆಗೆ ಹೊರಗೆ ಬಿಡುವುದು ಬೇಡ. ಬಸುರಿ ಕೈತೋಟದ ಕೆಲಸ ಮಾಡುವುದಾದರೆ ಕೈಗವಸು ಹಾಕಿಕೊಳ್ಳಲಿ. ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯಲಿ.

ಕೀಮೋ, ಕಸಿ, ಎಚ್‌ಐವಿ

ಇಲ್ಲಿ ಟೊಕ್ಸೊಪ್ಲಾಸ್ಮಾದ ಕಥೆ ಬೇರೆ ಇದೆ. ಎಚ್‌ಐವಿ ಇರುವವರಲ್ಲಿ ಸಿಡಿ4 (ರೋಗದೊಡನೆ ಹೋರಾಡುವ ರಕ್ತಕಣ) ಎಣಿಕೆ 100ಕ್ಕಿಂತ ಕೆಳಗೆ ಬಂದಾಗ ಇದು ಮಿದುಳಿಗೆ ಹೋಗಬಹುದು. ಆದರೆ ಹೆಚ್ಚಿನ ಸಲ ಅದು ಬೆಕ್ಕಿನಿಂದ ನಿನ್ನೆ ಬಂದ ಸೋಂಕಲ್ಲ. ಎಷ್ಟೋ ವರ್ಷದ ಹಿಂದೆ ಬಂದು ದೇಹದಲ್ಲೇ ಮಲಗಿದ್ದು ಈಗ ಎದ್ದಿರುತ್ತದೆ. ಬೆಕ್ಕನ್ನು ಊರಾಚೆ ಬಿಟ್ಟು ಬಂದರೂ ಮೈಯೊಳಗಿನದು ಹೋಗಲ್ಲ. ಅದನ್ನು ತಡೆಯುವುದು ವೈದ್ಯರು ಬರೆದುಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆ ಮತ್ತು ತಪ್ಪದೆ ತಗೊಳ್ಳುವ ಎಚ್‌ಐವಿ ಔಷಧಿ.

ನಿಜವಾಗಿ ಗಮನ ಕೊಡಬೇಕಾದ್ದು ಪರಚು ಮತ್ತು ನೆಕ್ಕುವಿಕೆಗೆ. ಬಾರ್ಟೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಚಿಗಟದ ಮೂಲಕ ಹರಡುತ್ತದೆ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಸೇರುತ್ತದೆ, ಪರಚಿದಾಗ ನಮ್ಮ ಚರ್ಮದೊಳಗೆ ಹೋಗುತ್ತದೆ. ಆರೋಗ್ಯವಂತರಿಗೆ ಒಂದು ಗಂಟು ಊದಿ ಇಳಿದೀತು. ನಿರೋಧಕ ಶಕ್ತಿ ಇಲ್ಲದವರಿಗೆ ಅದು ರಕ್ತಕ್ಕೂ, ಒಳಗಿನ ಅಂಗಗಳಿಗೂ ಹರಡಬಹುದು. ಇದರ ಅಪಾಯ ವರ್ಷ ತುಂಬದ ಮರಿಗಳಲ್ಲೇ ಜಾಸ್ತಿ, ಯಾಕೆಂದರೆ ಅವು ಆಟಕ್ಕೇ ಪರಚುತ್ತವೆ. ಹಾಗಾಗಿ ಚಿಗಟಕ್ಕೆ ಔಷಧಿ ಹಾಕಿಸಿ. ಉಗುರು ಕತ್ತರಿಸಿಡಿ. ಕಾಯಿಲೆಯವರು ಮರಿಯ ಜೊತೆ ಕೈಯಾಟ ಆಡುವುದು ಬೇಡ.

ನಾಯಿಯ ಜೊಲ್ಲಿನಲ್ಲಿ ಕ್ಯಾಪ್ನೊಸೈಟೊಫೇಗಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇರುತ್ತದೆ. ನಾಯಿಗೆ ಅದರಿಂದ ಏನೂ ತೊಂದರೆಯಿಲ್ಲ. ಗುಲ್ಮ ತೆಗೆಸಿಕೊಂಡವರಿಗೆ, ಕುಡಿತದಿಂದ ಈಲಿ (ಲಿವರ್) ಕೆಟ್ಟವರಿಗೆ ಮಾತ್ರ ಒಂದೆರಡು ದಿನದಲ್ಲಿ ರಕ್ತವೇ ನಂಜಾಗುವಷ್ಟು ಅಪಾಯ. ಅಂಥವರ ಗಾಯವನ್ನು, ಬಾಯನ್ನು ನಾಯಿ ನೆಕ್ಕದಂತೆ ನೋಡಿಕೊಳ್ಳಬೇಕು. ಕಚ್ಚಿದರೆ ಜ್ವರ ಬರಲಿ ಅಂತ ಕಾಯದೆ ಅವತ್ತೇ ವೈದ್ಯರಲ್ಲಿಗೆ ಹೋಗಬೇಕು.

ಇನ್ನು, ಮನೆಯಲ್ಲಿ ಆಗಲೇ ಇರುವ, ಲಸಿಕೆ ಹಾಕಿಸಿದ ಐದು ವರ್ಷದ ನಾಯಿಗೂ, ಕಸಿ ಮಾಡಿಸಿಕೊಂಡು ಬಂದ ವಾರಕ್ಕೆ "ಅಪ್ಪನಿಗೆ ಜೊತೆ ಇರಲಿ" ಅಂತ ತರುವ ಎರಡು ತಿಂಗಳ ಮರಿಗೂ ತುಂಬಾ ವ್ಯತ್ಯಾಸವಿದೆ. ಮರಿಗಳಲ್ಲಿ ಬೇಧಿ ಸಾಮಾನ್ಯ, ಅದರ ಜೊತೆಗೇ ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳು ಬರುತ್ತವೆ. ಹೊಸ ಪ್ರಾಣಿ ತರುವುದಿದ್ದರೆ ಚಿಕಿತ್ಸೆಯ ಕಠಿಣ ತಿಂಗಳುಗಳು ಕಳೆಯಲಿ. ನಾಯಿಗೆ ಹಸಿ ಮಾಂಸ ಹಾಕುವ, ಈಗ ಫ್ಯಾಷನ್ ಆಗಿರುವ ಪಥ್ಯವೂ ಇಂಥ ಮನೆಗಳಿಗೆ ಬೇಡ. ಬೇಧಿ, ಜ್ವರ ತರುವ ಸಾಲ್ಮೊನೆಲ್ಲಾ ರೋಗಾಣು ನಾಯಿಯ ತಟ್ಟೆಯಿಂದ ಅಡುಗೆಮನೆಯ ಕಟ್ಟೆಗೆ ಬರಲು ಹೆಚ್ಚು ಹೊತ್ತು ಬೇಕಾಗಿಲ್ಲ.

ರೇಬೀಸ್ ವಿಷಯದಲ್ಲಿ ರಾಜಿ ಇಲ್ಲ

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ಅಲ್ಲಿ ಮನೆನಾಯಿ ಕಚ್ಚಿದರೆ ರೇಬೀಸ್ ಅವರ ಮೊದಲ ಯೋಚನೆ ಅಲ್ಲ. ನಮ್ಮಲ್ಲಿ ಮೊದಲ ಯೋಚನೆ ಅದೇ ಆಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಜನರಿಗೆ ಪ್ರಾಣಿ ಕಚ್ಚುತ್ತದೆ, ಸುಮಾರು 5,700 ಜನ ರೇಬೀಸ್‌ನಿಂದ ಸಾಯುತ್ತಾರೆ. ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರಲ್ಲಿನ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿತು.

ಮನೆಯಲ್ಲಿ ಕಾಯಿಲೆಯವರು ಇದ್ದಾಗ ಇದಕ್ಕೆ ಇನ್ನೊಂದು ಮುಖವಿದೆ. ಲಸಿಕೆ ಕೆಲಸ ಮಾಡುವುದು ದೇಹವೇ ಪ್ರತಿರೋಧ ಕಟ್ಟಿಕೊಂಡಾಗ. ಕೀಮೋ ಅಥವಾ ಕಸಿಯ ಔಷಧಿ ತಗೊಳ್ಳುವವರ ದೇಹಕ್ಕೆ ಆ ಶಕ್ತಿ ಕಡಿಮೆ. ಅದಕ್ಕೇ ಮಾರ್ಗಸೂಚಿಗಳು ಇವರಿಗೆ ಬೇರೆಯದೇ ನಿಯಮ ಹೇಳುತ್ತವೆ. ಉಳಿದವರಿಗೆ ರಕ್ತ ಬಂದ ಗಾಯವಿದ್ದಾಗ ಇಮ್ಯುನೊಗ್ಲೋಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಕೊಡುತ್ತಾರೆ. ಇವರಿಗೆ ರಕ್ತ ಬಾರದ ಗೀರಾದರೂ ಲಸಿಕೆಯ ಪೂರ್ತಿ ಕೋರ್ಸ್ ಜೊತೆ ಅದನ್ನೂ ಕೊಡಬೇಕು. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಸುವಾಗ "ನಾಯಿ ಪರಚಿದೆ" ಅಂತ ಹೇಳುತ್ತೇವೆ, ಕೀಮೋ ವಿಷಯ ಹೇಳುವುದಿಲ್ಲ. ದಯವಿಟ್ಟು ಹೇಳಿ. ಬಸುರಿಯರೂ ಈ ಲಸಿಕೆ ತಗೊಳ್ಳಬಹುದು, ತಗೊಳ್ಳಲೇಬೇಕು.

ಗಾಯಕ್ಕೆ ಅರಿಸಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಆಮೇಲೆ ಆಸ್ಪತ್ರೆ. "ಚಿಕ್ಕ ಮರಿ, ಏನಾಗಲ್ಲ" ಅನ್ನುವ ಮಾತೂ ಸುಳ್ಳು. ಮರಿಗೂ ರೇಬೀಸ್ ಬರುತ್ತದೆ. ನಿಮ್ಮ ನಾಯಿ, ಬೆಕ್ಕಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪಶು ವೈದ್ಯರು ಹೇಳಿದ ಹಾಗೆ ವರ್ಷಾವರ್ಷ. ಮನೆಯಲ್ಲಿ ದುರ್ಬಲರಿರಲಿ, ಇಲ್ಲದಿರಲಿ, ಇಷ್ಟೂ ಮಾಡಲಾಗದಿದ್ದರೆ ಪ್ರಾಣಿ ಸಾಕಬಾರದು.

ವಯಸ್ಸಾದವರ ಕಾಲಡಿಯಲ್ಲಿ

ಸೋಂಕಿನ ಬಗ್ಗೆ ಇಷ್ಟೆಲ್ಲ ಮಾತಾಡುತ್ತೇವೆ, ಬೀಳುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮೆರಿಕದಲ್ಲಿ ಬೆಲ್ಟ್ ಹಾಕಿದ ನಾಯಿಯನ್ನು ನಡೆಸುವಾಗ ಬಿದ್ದು ಮೂಳೆ ಮುರಿದುಕೊಂಡ 65 ದಾಟಿದವರ ಸಂಖ್ಯೆ 2004ರಲ್ಲಿ 1,671 ಇತ್ತು. 2017ಕ್ಕೆ ಅದು 4,396 ಆಯಿತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಸೊಂಟದ ಮೂಳೆ ಮುರಿದವರೂ ಬಹಳ ಮಂದಿ. ಎಪ್ಪತ್ತೈದರಲ್ಲಿ ಸೊಂಟ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಆಗುವುದು ಹೀಗೆ. ಬೆಲ್ಟಿನ ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿರುತ್ತಾರೆ. ಎದುರಿಗೊಂದು ಬೆಕ್ಕು ಓಡುತ್ತದೆ, ಮೂವತ್ತು ಕೆಜಿಯ ಲ್ಯಾಬ್ರಡಾರ್ ಎಳೆಯುತ್ತದೆ, ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮನೆಯೊಳಗೆ ಇನ್ನೊಂದು ಥರ. ರಾತ್ರಿ ಬಚ್ಚಲಿಗೆ ಎದ್ದಾಗ ಮಂಚದ ಪಕ್ಕ ಮಲಗಿದ ನಾಯಿಯ ಮೇಲೆ ಕಾಲು ಬೀಳುತ್ತದೆ. ಪರಿಹಾರ ಬಹಳ ಸುಲಭ. ಬೆಲ್ಟನ್ನು ಸುತ್ತಿಕೊಳ್ಳದೆ ಹಿಡಿಯಿರಿ. ಬಚ್ಚಲ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ನಾಯಿಯ ಹಾಸಿಗೆ ಬೇರೆ ಮೂಲೆಗೆ ಹೋಗಲಿ. ಅಪ್ಪ ಅಮ್ಮನಿಗೆ ಜೊತೆ ಅಂತ ನಾಯಿ ತಂದುಕೊಡುವ ಮಕ್ಕಳು ತಮಗೆ ಇಷ್ಟದ ದೊಡ್ಡ ಜಾತಿ ತರುವ ಬದಲು ಅವರ ಮಂಡಿಗೆ ತಕ್ಕ, ಸಮಾಧಾನದ, ದೊಡ್ಡ ವಯಸ್ಸಿನ ನಾಯಿ ನೋಡಲಿ.

ದಮ್ಮು, ಅಲರ್ಜಿ, ಹಿಕ್ಕೆ

ಇಲ್ಲೂ ಎರಡು ಮಾತು ಒಟ್ಟಿಗೆ ನಿಜ. ಹುಟ್ಟಿದ ಮೊದಲ ವರ್ಷದಲ್ಲಿ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಸ್ತಮಾ ಬರುವ ಅಪಾಯ ಶೇ. 13ರಷ್ಟು ಕಡಿಮೆ ಅಂತ ಸ್ವೀಡನ್‌ನ 2015ರ ಅಧ್ಯಯನ ಹೇಳಿತು. ಆದರೆ ಈಗಾಗಲೇ ಬೆಕ್ಕಿಗೆ ಅಲರ್ಜಿ ಇರುವ, ದಮ್ಮು ಏರುವ ಮಗುವಿಗೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ. ರೋಗ ಬಾರದಂತೆ ತಡೆಯುವುದು ಬೇರೆ, ಬಂದ ಮೇಲೆ ನೋಡಿಕೊಳ್ಳುವುದು ಬೇರೆ.

ಬೆಕ್ಕಿನ ಅಲರ್ಜಿಗೆ ಕೂದಲು ಕಾರಣ ಅಂತ ನಾವು ತಿಳಿದಿದ್ದೇವೆ. ಮುಖ್ಯ ಕಾರಣ ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಗಾಳಿಯಲ್ಲಿ ತೇಲುತ್ತದೆ, ಸೋಫಾಕ್ಕೂ ಪರದೆಗೂ ಸೇರುತ್ತದೆ. ಬೆಕ್ಕು ಹೋದ ಮೇಲೂ ಮನೆಯಿಂದ ಅದು ಇಳಿಯಲು ನಾಲ್ಕೈದು ತಿಂಗಳು ಬೇಕು. "ಎರಡು ವಾರ ಅಜ್ಜಿ ಮನೆಗೆ ಕಳಿಸಿ ನೋಡಿದೆವು, ಏನೂ ವ್ಯತ್ಯಾಸ ಆಗಲಿಲ್ಲ" ಅನ್ನುವ ಪರೀಕ್ಷೆ ಹಾಗಾಗಿ ಏನನ್ನೂ ಹೇಳುವುದಿಲ್ಲ. ಮೊದಲು ಅಲರ್ಜಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಕಾರಣ ಹಾಸಿಗೆಯ ಧೂಳುಹುಳವೋ, ಗೋಡೆಯ ಬೂಷ್ಟೋ ಆಗಿರುತ್ತದೆ. ಬೆಕ್ಕೇ ಕಾರಣ ಅಂತ ಖಚಿತವಾಗಿ, ಔಷಧಿಯಿಂದಲೂ ದಮ್ಮು ನಿಲ್ಲದಿದ್ದರೆ, ಆಗ ಅದಕ್ಕೆ ಬೇರೆ ಒಳ್ಳೆಯ ಮನೆ ಹುಡುಕುವುದೇ ಸರಿ.

ಪಾರಿವಾಳದ ವಿಷಯ ಇದಕ್ಕಿಂತ ಗಂಭೀರ. ಒಣಗಿದ ಹಿಕ್ಕೆ ಮತ್ತು ರೆಕ್ಕೆಯ ಪುಡಿಯನ್ನು ತಿಂಗಳು, ವರ್ಷ ಉಸಿರಾಡಿದ ಕೆಲವರ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ನಿರೋಧಕ ಶಕ್ತಿ ಇಲ್ಲದವರಿಗೆ ಅದರಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರ ಮಿದುಳಿನ ಪೊರೆಗೆ ಹೋಗಬಹುದು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಎಸಿಯ ಹಿಂದೆ ಗೂಡು ಕಟ್ಟಿದ್ದರೆ ಬಲೆ ಹಾಕಿಸಿ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಈ ಕೆಲಸ ಕಾಯಿಲೆಯವರದ್ದಂತೂ ಆಗಬಾರದು.

ಬೇಡ ಅನ್ನಲೇಬೇಕಾದವು

ಗಾಜಿನ ತೊಟ್ಟಿಯಲ್ಲಿ ಮಾರುವ ಪುಟಾಣಿ ಆಮೆಗಳು ನೋಡಲು ಮುದ್ದಾಗಿರುತ್ತವೆ, ಮಕ್ಕಳು ಕೈಯಲ್ಲಿ ಹಿಡಿಯುತ್ತಾರೆ, ಬಾಯಿಗೂ ಇಡುತ್ತಾರೆ. ಆಮೆಯ ಮೈಮೇಲೂ, ಅದರ ನೀರಿನಲ್ಲೂ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ಇದೇ ಕಾರಣಕ್ಕೆ ನಿಷೇಧಿಸಿತು. ಜಾತ್ರೆಯಲ್ಲಿ ಬಣ್ಣ ಹಾಕಿ ಮಾರುವ ಕೋಳಿಮರಿಗಳದ್ದೂ ಅದೇ ಕಥೆ. ಐದು ವರ್ಷದೊಳಗಿನ ಮಕ್ಕಳಿರುವ ಅಥವಾ ಕೀಮೋ ನಡೆಯುತ್ತಿರುವ ಮನೆಗೆ ಇವು ಬೇಡ.

ನಕ್ಷತ್ರ ಆಮೆ ಮತ್ತು ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಗಿಳಿಯ ಹಿಕ್ಕೆಯಿಂದ ಸಿಟಕೋಸಿಸ್ ಅನ್ನುವ ನ್ಯುಮೋನಿಯ ಬರಬಹುದು. ವೈದ್ಯರು "ಮನೆಯಲ್ಲಿ ಪಕ್ಷಿ ಇದೆಯಾ?" ಅಂತ ಕೇಳದಿದ್ದರೆ ಅದು ಗೊತ್ತಾಗುವುದೇ ಕಷ್ಟ.

ಹಳ್ಳಿ ಮನೆಯ ಕೊಟ್ಟಿಗೆ

ಪೇಟೆಯ ಚರ್ಚೆ ನಾಯಿ ಬೆಕ್ಕಿನಲ್ಲೇ ಮುಗಿಯುತ್ತದೆ. ಹಳ್ಳಿಯಲ್ಲಿ ಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇರುತ್ತದೆ. ದನ, ಎಮ್ಮೆ, ಆಡು, ಕುರಿಗಳಿಂದ ಬ್ರೂಸೆಲ್ಲೋಸಿಸ್ ಬರುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಕೀಲುನೋವು. ದಾರಿ ಎರಡು: ಕಾಯಿಸದ ಹಾಲು, ಮತ್ತೆ ಕಂದು ಹಾಕಿದಾಗ (ಗರ್ಭ ಹೋದಾಗ), ಕರು ಹಾಕಿದಾಗ ಬರಿಗೈಯಲ್ಲಿ ಸತ್ತೆ (ಮಾಸು) ತೆಗೆಯುವುದು. ಬಸುರಿ ಹೆಂಗಸರು ಆಡು, ಕುರಿ ಮರಿ ಹಾಕುವಾಗ ಹತ್ತಿರ ಹೋಗಬಾರದು. ಸತ್ತೆಯಲ್ಲಿ, ಅದರ ನೀರಿನಲ್ಲಿ ಇರುವ ಕೆಲವು ರೋಗಾಣುಗಳು ಮನುಷ್ಯರಲ್ಲೂ ಗರ್ಭಪಾತ ಮಾಡಿಸುತ್ತವೆ. ಬೆಕ್ಕಿಗೆ ಹೆದರುವ ಮನೆಯಲ್ಲೇ ಏಳು ತಿಂಗಳ ಬಸುರಿ ಕೊಟ್ಟಿಗೆಯಲ್ಲಿ ಕುರಿಯ ಹೆರಿಗೆ ಮಾಡಿಸುತ್ತಿರುತ್ತಾಳೆ. ಯಾರೂ ತಡೆಯುವುದಿಲ್ಲ, ಯಾಕೆಂದರೆ ಯಾರೂ ಹೇಳಿಲ್ಲ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಇಲಿ ಜ್ವರ ಇದ್ದೇ ಇದೆ. ನಾಯಿಗೂ ಅದು ಬರುತ್ತದೆ, ಅದರ ಮೂತ್ರದಿಂದ ನಮಗೂ ಬರಬಹುದು. ನಾಯಿಗೆ ಇದಕ್ಕೂ ಲಸಿಕೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಮೇಯಲು ಕಾಡಿಗೆ ಹೋಗಿ ಬಂದ ದನದ ಮೈ ನೋಡಿ ಉಣುಗು ತೆಗೆಸುವುದು ಮನೆಯ ಮುದುಕರ ಆರೋಗ್ಯಕ್ಕೂ ಸೇರಿದ ಕೆಲಸ.

ಇಬ್ಬರ ವಾದ

ವೈದ್ಯರಲ್ಲಿ ಕೆಲವರು "ರಿಸ್ಕ್ ಯಾಕೆ, ಕಳಿಸಿ" ಅನ್ನುತ್ತಾರೆ. ಅವರ ಕಡೆಯಿಂದ ನೋಡಿದರೆ ಅರ್ಥವಾಗುತ್ತದೆ. ಹೊರಗೆ ಐವತ್ತು ರೋಗಿಗಳು ಕಾಯುತ್ತಿರುವಾಗ ಚಿಗಟ, ಟ್ರೇ, ಉಗುರು ಅಂತ ವಿವರಿಸಲು ಹೊತ್ತಿಲ್ಲ. ಮನೆಯವರು ಹೇಳಿದಂತೆ ಮಾಡುತ್ತಾರೆ ಅನ್ನುವ ನಂಬಿಕೆಯೂ ಇಲ್ಲ. ಪ್ರಾಣಿಪ್ರಿಯರು "ನಮ್ಮ ಪಪ್ಪಿಯಿಂದ ಏನೂ ಆಗಲ್ಲ" ಅನ್ನುತ್ತಾರೆ. ಅವರ ಭಯವೂ ನ್ಯಾಯವಾದದ್ದೇ, ಒಂದು ಸಲ ಅಪಾಯ ಅಂತ ಒಪ್ಪಿಕೊಂಡರೆ ಪ್ರಾಣಿ ಬೀದಿಗೆ ಬೀಳುತ್ತದೆ. ನನ್ನ ಪ್ರಕಾರ ಇಬ್ಬರೂ ಒಂದು ಕಡೆ ತಪ್ಪುತ್ತಾರೆ. ಮೊದಲನೆಯವರು ಕಳಿಸಿದ ಮೇಲೆ ಏನಾಗುತ್ತದೆ ಅಂತ ಲೆಕ್ಕ ಹಾಕುವುದಿಲ್ಲ. ಎರಡನೆಯವರು ಯಾರ ಮನೆಯಲ್ಲಿ ಅಂತ ಕೇಳುವುದಿಲ್ಲ.

ಬಿಟ್ಟು ಬಂದರೆ

2020ರ ಮಾರ್ಚ್‌ನಲ್ಲಿ, ಪ್ರಾಣಿಗಳಿಂದ ಕೊರೊನಾ ಹರಡುತ್ತದೆ ಅನ್ನುವ ಗಾಳಿಸುದ್ದಿಗೆ ಹೆದರಿ ಎಷ್ಟೋ ಜನ ಸಾಕಿದ ನಾಯಿಗಳನ್ನು ಬೀದಿಗೆ ಬಿಟ್ಟರು. ಬಿಟ್ಟ ನಾಯಿಗೆ ಬೀದಿಯಲ್ಲಿ ಬದುಕೋಕೆ ಗೊತ್ತಿಲ್ಲ. ಗಾಡಿಗೆ ಸಿಗುತ್ತದೆ, ಬೇರೆ ನಾಯಿಗಳ ಬಾಯಿಗೆ ಸಿಗುತ್ತದೆ. ಬದುಕಿ ಉಳಿದರೆ ಮುಂದಿನ ವರ್ಷದ ಲಸಿಕೆ ತಪ್ಪುತ್ತದೆ, ಸಂತಾನಹರಣ ಆಗಿರದಿದ್ದರೆ ಮರಿ ಹಾಕುತ್ತದೆ. ಒಬ್ಬ ರೋಗಿಯ ಮನೆಯ ಸಣ್ಣ ಅಪಾಯ ಒಂದು ಇಡೀ ಬೀದಿಯ ದೊಡ್ಡ ಅಪಾಯವಾಗುತ್ತದೆ. ಆ ಬೀದಿಯಲ್ಲೂ ಮಕ್ಕಳಿರುತ್ತಾರೆ, ಬಸುರಿಯರಿರುತ್ತಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ಮೊತ್ತಕ್ಕೆ ಯಾರೂ ಹೆದರುವುದಿಲ್ಲ, ಅದನ್ನು ಏರಿಸಬೇಕಾದ ಕಾಲ ಎಂದೋ ದಾಟಿದೆ.

ಇನ್ನೊಂದು ಪರಿಣಾಮ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂಟಿಯಾಗಿರುವ ವಯಸ್ಸಾದವರಲ್ಲಿ ಕೆಲವರು ಆಸ್ಪತ್ರೆ ಸೇರುವುದನ್ನೇ ಮುಂದೂಡುತ್ತಾರೆ. ಎದೆನೋವು ಬಂದರೂ "ನಾಳೆ ನೋಡೋಣ" ಅನ್ನುತ್ತಾರೆ. ನಾನು ಹೋದರೆ ಇದಕ್ಕೆ ಅನ್ನ ಹಾಕೋರು ಯಾರು ಅನ್ನುವ ಚಿಂತೆ ಅವರದ್ದು. ಅಂಥವರ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿಡಬೇಕು. ನಾಯಿಯನ್ನು ನೋಡಿಕೊಳ್ಳಲು ಒಪ್ಪಿದ ಪಕ್ಕದ ಮನೆಯವರ ಹೆಸರು, ಫೋನ್ ನಂಬರು, ಮನೆಯ ಇನ್ನೊಂದು ಬೀಗದ ಕೈ ಎಲ್ಲಿದೆ, ನಾಯಿ ಏನು ತಿನ್ನುತ್ತದೆ, ಕೊನೆಯ ಲಸಿಕೆ ಯಾವ ತಿಂಗಳು ಹಾಕಿಸಿದ್ದು. ಆಂಬುಲೆನ್ಸ್ ಬಂದಾಗ ಅವರು ಬಾಗಿಲಲ್ಲೇ ನಿಂತು ಹಿಂದೆ ತಿರುಗಿ ನೋಡದೆ ಹತ್ತಬೇಕಾದರೆ, ಆ ಚೀಟಿ ಮೊದಲೇ ಅಲ್ಲಿರಬೇಕು.